10-2 ಅಂತ ಬರ್ದಿದ್ದೆ, 2-10 ಬಂತು: ಫ್ಲೋರಿಡಾ ಸ್ಟೇಟ್ 2024ರ ಪೋಸ್ಟ್‌ಮಾರ್ಟಮ್

2024ರ ಆಗಸ್ಟ್‌ನಲ್ಲಿ ಕೂತು ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ಪ್ರತಿ ವರ್ಷ ಮಾಡ್ತೀನಿ, ಚಟ ಅಂತಾನೇ ಇಟ್ಕೊಳ್ಳಿ. ಎಡಗಡೆ 12 ಮ್ಯಾಚು, ಪಕ್ಕದಲ್ಲಿ ಗೆಲುವೋ ಸೋಲೋ, ಕೆಳಗೆ ಟೋಟಲ್. ನನ್ನ ಟೀಮು, ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಫ್ಲೋರಿಡಾ ಸ್ಟೇಟ್ ಸೆಮಿನೋಲ್ಸ್, 10 ಗೆಲುವು, 2 ಸೋಲು. ನವೆಂಬರ್ 30ಕ್ಕೆ ಸೀಸನ್ ಮುಗಿದಾಗ ಅದೇ ಎರಡು ಅಂಕಿ ಉಳ್ಕೊಂಡಿದ್ವು, ಜಾಗ ಮಾತ್ರ ಅದಲುಬದಲು. 2 ಗೆಲುವು, 10 ಸೋಲು. ನನ್ನ ಹೆಂಡತಿ ಹಿಂದಿಂದ ಬಂದು ಸ್ಕ್ರೀನ್ ನೋಡಿ, ಹೆಡಿಂಗ್ ಅದಲುಬದಲು ಮಾಡ್ಬಿಡಿ ಸರಿಹೋಗುತ್ತೆ ಅಂದ್ಲು. ನಗು ಬರಲಿಲ್ಲ.

ಎಪಿ ಪೋಲ್‌ನಲ್ಲಿ, ಅಂದ್ರೆ ಪತ್ರಕರ್ತರು ವೋಟ್ ಹಾಕಿ ಮಾಡೋ ದೇಶದ ರ್‍ಯಾಂಕಿಂಗ್‌ನಲ್ಲಿ, 10ನೇ ಸ್ಥಾನದಲ್ಲಿ ಸೀಸನ್ ಶುರು ಮಾಡಿ ಈ ಮಟ್ಟಕ್ಕೆ ನೆಲಕಚ್ಚಿದ ಟೀಮು ಸಿಗೋದು ಕಷ್ಟ. ಆದ್ರೆ ನಾನು ಇಲ್ಲಿ ಪೋಸ್ಟ್‌ಮಾರ್ಟಮ್ ಮಾಡ್ಬೇಕು ಅಂತಿರೋದು ಟೀಮ್‌ದಲ್ಲ, ನನ್ನ ಶೀಟ್‌ದು. ಟೀಮ್ ಯಾಕೆ ಸೋತ್ತು ಅನ್ನೋದಕ್ಕೆ ಅಮೆರಿಕದಲ್ಲಿ ಸಾವಿರ ಜನ ಉತ್ತರ ಕೊಟ್ಟಿದ್ದಾರೆ. ಅಷ್ಟೊಂದು ಸೂಚನೆ ಕಣ್ಣೆದುರಿಗೇ ಇದ್ದಾಗ ನಾನ್ಯಾಕೆ 10-2 ಅಂತ ಬರ್ದೆ ಅನ್ನೋದು ನಂಗೆ ಮುಖ್ಯ.

ಗೊತ್ತಿಲ್ದೋರಿಗೆ ಎರಡು ಮಾತು. ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು. ಅಲ್ಲಿ ಕಾಲೇಜ್ ಟೀಮ್ ಅಂದ್ರೆ ನಮ್ಮ ಇಂಟರ್ ಕಾಲೇಜ್ ಟೂರ್ನಮೆಂಟ್ ತರ ಅಂತ ಅಂದ್ಕೋಬೇಡಿ, ಸ್ಟೇಡಿಯಂಗೆ ಎಪ್ಪತ್ತೆಂಬತ್ತು ಸಾವಿರ ಜನ ಬರ್ತಾರೆ, ಕೋಚ್‌ಗೆ ವರ್ಷಕ್ಕೆ 10 ಮಿಲಿಯನ್ ಡಾಲರ್ ಕೊಡ್ತಾರೆ. ನಾನು 2012ರಲ್ಲಿ ಫ್ಲೋರಿಡಾ ಸ್ಟೇಟ್ ಇರೋ ಊರು ಟ್ಯಾಲಹಾಸಿಗೆ ಎಂಎಸ್ ಮಾಡಕ್ಕೆ ಹೋದೆ, ಆಗ ಈ ಆಟದ ಒಂದಕ್ಷರ ಗೊತ್ತಿರಲಿಲ್ಲ. ಮೊದಲ ಸಲ ನಮ್ಮ ಡೋಕ್ ಕ್ಯಾಂಪ್‌ಬೆಲ್ ಸ್ಟೇಡಿಯಂನಲ್ಲಿ ಸೆಮಿನೋಲ್ ಬುಡಕಟ್ಟಿನ ನಾಯಕ ಆಸಿಯೋಲಾನ ವೇಷದ ಹುಡುಗ ರೆನಗೇಡ್ ಅನ್ನೋ ಕುದುರೆ ಮೇಲೆ ಮೈದಾನದ ಮಧ್ಯಕ್ಕೆ ಬಂದು ಉರಿಯೋ ಭರ್ಜಿ ನೆಲಕ್ಕೆ ನೆಟ್ಟಿದ್ದು ನೋಡಿ ಕಥೆ ಮುಗೀತು. 2013ರ ಟೀಮು 14-0 ಹೊಡೀತು, 2014ರ ಜನವರಿ 6ಕ್ಕೆ ರೋಸ್ ಬೌಲ್ ಸ್ಟೇಡಿಯಂನಲ್ಲಿ ನಡೆದ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಇನ್ನು 13 ಸೆಕೆಂಡ್ ಇದ್ದಾಗ ಜೇಮಿಸ್ ವಿನ್‌ಸ್ಟನ್ ಎಸೆದಿದ್ದನ್ನ ಕೆಲ್ವಿನ್ ಬೆಂಜಮಿನ್ ಹಿಡ್ಕೊಂಡು ಆಬರ್ನ್ ಮೇಲೆ 34-31. ಅವತ್ತು ನಾನು ಯಾರ್‍ಯಾರನ್ನ ತಬ್ಬಿಕೊಂಡೆ ಅಂತ ಇವತ್ತಿಗೂ ಗೊತ್ತಿಲ್ಲ. ಹೊಸಬನಿಗೆ ಮೊದಲನೇ ವರ್ಷಗಳಲ್ಲೇ ಚಾಂಪಿಯನ್‌ಶಿಪ್ ಸಿಕ್ಕಿಬಿಟ್ರೆ ತಲೆ ಕೆಡುತ್ತೆ, ಯಾವಾಗಲೂ ಹಿಂಗೇ ಇರುತ್ತೆ ಅಂದ್ಕೋತೀವಿ. ಈಗ ಬೆಂಗಳೂರಲ್ಲಿದೀನಿ, ಅಲಾರಂ ಇಟ್ಕೊಂಡು ಬೆಳಗಿನ ಜಾವ ಎದ್ದು ನೋಡ್ತೀನಿ.

ಸರಿ, ಕೇಸಿಗೆ ಬರ್ತೀನಿ. 2024 ಅರ್ಥ ಆಗ್ಬೇಕು ಅಂದ್ರೆ 2023ರ ಕೊನೆಗೆ ಹೋಗ್ಬೇಕು. ಆ ವರ್ಷ ಟೀಮು ಒಂದೂ ಸೋತಿರಲಿಲ್ಲ. ನವೆಂಬರ್ 18ಕ್ಕೆ ನಾರ್ತ್ ಅಲಬಾಮಾ ಅನ್ನೋ ಚಿಕ್ಕ ಟೀಮ್ ಜೊತೆಗಿನ ಮ್ಯಾಚಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋನು) ಜೋರ್ಡನ್ ಟ್ರಾವಿಸ್ ಕಾಲು ಮುರ್ಕೊಂಡ. ಎರಡನೆಯವನು ಟೇಟ್ ರೋಡ್‌ಮೇಕರ್ ಫ್ಲೋರಿಡಾ ಯೂನಿವರ್ಸಿಟಿ (ನಾವು ಫ್ಲೋರಿಡಾ ಸ್ಟೇಟ್, ಅವರು ಬೇರೆ) ಮೇಲೆ ಗೆಲ್ಲಿಸಿಕೊಟ್ಟ, ಅವನ ತಲೆಗೂ ಏಟು ಬಿತ್ತು. ನಾವು ಆಡೋ ಕಾನ್ಫರೆನ್ಸ್, ಅಂದ್ರೆ ಲೀಗ್, ಎಸಿಸಿ; ಅದರ ಫೈನಲ್‌ಗೆ ಮೂರನೆಯವನು, ಮೊದಲನೇ ವರ್ಷದ ಹುಡುಗ ಬ್ರಾಕ್ ಗ್ಲೆನ್. ಅವನು 21 ಪಾಸ್ ಎಸೆದು 8 ಮುಟ್ಟಿಸಿದ, ಒಟ್ಟು 55 ಯಾರ್ಡ್. ಆದ್ರೂ ಲೂಯಿವಿಲ್ ಮೇಲೆ 16-6 ಗೆದ್ವಿ, ಯಾಕಂದ್ರೆ ಡಿಫೆನ್ಸು ಅಷ್ಟು ಗಟ್ಟಿಯಾಗಿತ್ತು. 13-0. ಮಾರನೇ ದಿನ, ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡೋ ಪ್ಲೇಆಫ್‌ಗೆ ಟೀಮ್ ಆರಿಸೋ ಕಮಿಟಿ ನಾಲ್ಕು ಟೀಮ್ ಹೆಸರು ಓದ್ತು: ಮಿಶಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ. ನಾವು ಐದನೇ ಜಾಗ. ದೊಡ್ಡ ಕಾನ್ಫರೆನ್ಸ್ ಗೆದ್ದು ಒಂದೂ ಸೋಲದೇ ಇದ್ದ ಟೀಮನ್ನ ಪ್ಲೇಆಫ್‌ನಿಂದ ಆಚೆ ಇಟ್ಟಿದ್ದು ಅದೇ ಮೊದಲು. ಟ್ರಾವಿಸ್ ಇಲ್ದೇ ಇರೋ ಟೀಮು ಬೇರೆ ಟೀಮು ಅನ್ನೋದು ಅವರ ವಾದ.

ಆ ಕೋಪ ಇದೆಯಲ್ಲ, ನನ್ನ ಶೀಟ್‌ನ ಮೊದಲ ತಪ್ಪು ಅದರಲ್ಲೇ ಇದೆ. ಅನ್ಯಾಯ ಆಯ್ತು ಅಂತ ಒಂದು ಸಲ ತಲೇಲಿ ಕೂತ್ರೆ, ಮುಂದಿನ ವರ್ಷ ಬಡ್ಡಿ ಸಮೇತ ವಾಪಸ್ ಸಿಗುತ್ತೆ ಅಂತ ಒಳಗೊಳಗೇ ಒಂದು ಲೆಕ್ಕ ಶುರುವಾಗುತ್ತೆ, ಯಾರೂ ನಮಗೆ ಹಂಗೆ ಬರ್ಕೊಟ್ಟಿರಲ್ಲ. 2024ರಿಂದ ಪ್ಲೇಆಫ್‌ಗೆ 4ರ ಬದಲು 12 ಟೀಮ್ ಅಂತ ಬೇರೆ ಆಯ್ತು. ಇನ್ಯಾವ ಕಮಿಟಿ ಬಾಗಿಲು ಹಾಕುತ್ತೆ ನೋಡೋಣ ಅಂತ ನಾವೆಲ್ಲ ತೊಡೆ ತಟ್ಕೊಂಡಿದ್ವಿ. ಬಾಗಿಲ ಹತ್ರ ಹೋಗೋ ಪ್ರಮೇಯವೇ ಬರಲಿಲ್ಲ, ಅದು ಬೇರೆ ವಿಷ್ಯ.

ಎರಡನೇ ತಪ್ಪು ಡಿಸೆಂಬರ್ 30ರ ಆರೆಂಜ್ ಬೌಲ್, ಪ್ಲೇಆಫ್ ಸಿಗದ ನಮಗೆ ಸೀಸನ್ ಕೊನೆಗೆ ಸಿಕ್ಕಿದ ಮ್ಯಾಚು. ಜಾರ್ಜಿಯಾ 63, ನಾವು 3. ಎನ್‌ಎಫ್‌ಎಲ್ ಅನ್ನೋ ಪ್ರೊಫೆಷನಲ್ ಲೀಗ್‌ಗೆ ಹೋಗೋರು, ಬೇರೆ ಕಾಲೇಜಿಗೆ ಹೋಗೋರು, ಏಟಾದೋರು ಎಲ್ಲ ಸೇರಿ ಎರಡು ಡಜನ್‌ಗೂ ಜಾಸ್ತಿ ಆಟಗಾರರು ಅವತ್ತು ಆಡಲಿಲ್ಲ. ಆದ್ದರಿಂದ ಆ ಮ್ಯಾಚ್ ಲೆಕ್ಕಕ್ಕಿಲ್ಲ ಅಂತ ನಾನೂ ಅಂದೆ, ನನ್ನ ಪರಿಚಯದ ಎಲ್ಲ ಫ್ಯಾನ್‌ಗಳೂ ಅಂದ್ರು. ಈಗ ಯೋಚನೆ ಮಾಡಿದ್ರೆ ತಲೆ ಚಚ್ಕೋಬೇಕು ಅನ್ಸುತ್ತೆ. ಆಡದೇ ಇದ್ದೋರು ಬಹುಪಾಲು ಮುಂದಿನ ವರ್ಷವೂ ಇರೋದಿಲ್ವಲ್ಲ! ಅವತ್ತು ಆಡಿದ ಹುಡುಗರಲ್ಲಿ ಎಷ್ಟೋ ಜನ 2024ರ ಟೀಮಿನೋರು. ನಾವು ಅದನ್ನ 2023ರ ಕೊನೇ ಮ್ಯಾಚ್ ಅಂತ ಮಡಚಿಟ್ವಿ, ಅದು 2024ರ ಮೊದಲನೇ ಮ್ಯಾಚ್ ಆಗಿತ್ತು. ಶೀಟ್‌ನಲ್ಲಿ ಆ 63-3ಕ್ಕೆ ಒಂದು ಸಾಲೂ ಇಲ್ಲ, ಈಗ್ಲೂ ತೆಗೆದು ನೋಡಿದೆ, ಇಲ್ಲ.

ಶೀಟ್‌ನ ಎರಡನೇ ಟ್ಯಾಬ್‌ನಲ್ಲಿ ಪೊಸಿಷನ್ ಪ್ರಕಾರ ಯಾರು ಹೋದ್ರು, ಯಾರು ಬಂದ್ರು ಅಂತ ಹಾಕಿದ್ದೆ. ಹೋದೋರ ಕಾಲಮ್ ಸಣ್ಣ ಅಕ್ಷರದಲ್ಲಿ, ಬಂದೋರ ಕಾಲಮ್ ಬೋಲ್ಡ್‌ನಲ್ಲಿ. ಬೇಕು ಅಂತ ಮಾಡಿದ್ದಲ್ಲ. 2024ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದ್ರೆ ಆ ಲೀಗ್‌ನ ಟೀಮ್‌ಗಳು ಕಾಲೇಜ್ ಹುಡುಗರನ್ನ ಆರಿಸ್ಕೊಳ್ಳೋವಾಗ, ನಮ್ಮೋರು 10 ಜನ ಆಯ್ಕೆಯಾದ್ರು. ಜ್ಯಾರೆಡ್ ವರ್ಸ್, ಬ್ರೇಡನ್ ಫಿಸ್ಕ್, ಕಿಯಾನ್ ಕೋಲ್ಮನ್, ಟ್ರೇ ಬೆನ್ಸನ್, ಟ್ರಾವಿಸ್, ಜಾನಿ ವಿಲ್ಸನ್, ಹಿಂಗೆ. ಈ 10ರಲ್ಲಿ 9 ಜನ ಬೇರೆ ಕಾಲೇಜಿಂದ ಬಂದೋರು, ರೆನಾರ್ಡೋ ಗ್ರೀನ್ ಒಬ್ಬನೇ ಶುರುವಿಂದ ನಮ್ಮಲ್ಲೇ ಬೆಳೆದೋನು. ಅಂದ್ರೆ ಕೋಚ್ ಮೈಕ್ ನಾರ್ವೆಲ್ ಕಟ್ಟಿದ್ದು ಟ್ರಾನ್ಸ್‌ಫರ್ ಪೋರ್ಟಲ್‌ನಿಂದ, ಅಂದ್ರೆ ಕಾಲೇಜ್ ಬದಲಾಯಿಸಕ್ಕೆ ಹೆಸರು ಕೊಟ್ಟೋರ ಪಟ್ಟಿಯಿಂದ, ಆರಿಸ್ಕೊಂಡ ಟೀಮು. 2020ರಲ್ಲಿ 3-6, 2021ರಲ್ಲಿ 5-7, ಆಮೇಲೆ 10-3, ಆಮೇಲೆ 13-1. ಹಂಗಾಗಿ ನನ್ನ ಲೆಕ್ಕ ಏನಪ್ಪಾ ಅಂದ್ರೆ, ಈ ಮನುಷ್ಯನಿಗೆ ಪೋರ್ಟಲ್ ವಿದ್ಯೆ ಕರಗತ, ಹೋದಷ್ಟು ಜನರನ್ನ ಮತ್ತೆ ತುಂಬ್ತಾನೆ.

ತುಂಬಿದ, ಸುಳ್ಳಲ್ಲ. ಆದ್ರೆ ಎಲ್ಲಿಂದ ತಂದ ಅನ್ನೋದನ್ನ ನಾನು ಗಮನಿಸಿ ನೋಡಲಿಲ್ಲ, ಅಥವಾ ನೋಡಿ ಉಲ್ಟಾ ಓದ್ಕೊಂಡೆ. ವರ್ಸ್ ಬಂದಿದ್ದು ಆಲ್ಬನಿ ಅನ್ನೋ ಸಣ್ಣ ಕಾಲೇಜಿಂದ, ಫಿಸ್ಕ್ ವೆಸ್ಟರ್ನ್ ಮಿಶಿಗನ್‌ನಿಂದ, ಟೇಟಮ್ ಬೆಥೂನ್ ಯುಸಿಎಫ್‌ನಿಂದ. ಅಲ್ಲಿ ಅವರು ದಿನಾ ಆಡ್ತಿದ್ದೋರು, ಎದುರಾಳಿಗಳನ್ನ ಪುಡಿ ಮಾಡ್ತಿದ್ದೋರು, ಇನ್ನೂ ದೊಡ್ಡ ಜಾಗಕ್ಕೆ ಹಸಿದಿದ್ದೋರು. 2024ಕ್ಕೆ ಬಂದೋರ ಪಟ್ಟಿ ನೋಡಿ: ರಾಯ್ಡೆಲ್ ವಿಲಿಯಮ್ಸ್ ಅಲಬಾಮಾದಿಂದ, ಮಲಿಕ್ ಬೆನ್ಸನ್ ಅಲಬಾಮಾದಿಂದ, ಶಾನ್ ಮರ್ಫಿ ಅಲಬಾಮಾದಿಂದ, ಅರ್ಲ್ ಲಿಟ್ಲ್ ಜೂನಿಯರ್ ಅಲಬಾಮಾದಿಂದ, ಮಾರ್ವಿನ್ ಜೋನ್ಸ್ ಜೂನಿಯರ್ ಜಾರ್ಜಿಯಾದಿಂದ, ಜೇಲನ್ ಬ್ರೌನ್ ಎಲ್‌ಎಸ್‌ಯುನಿಂದ. ಅಬ್ಬಾ ಏನ್ ಹೆಸರು ಗುರು ಅಂತ ನಾನು ಬೋಲ್ಡ್ ಮಾಡಿದ್ದು ಇದನ್ನೇ. ಅಲಬಾಮಾದಲ್ಲಿ ಒಬ್ಬ ಹುಡುಗ ಬೆಂಚ್ ಮೇಲೆ ಕೂತಿದ್ದ, ಇಲ್ಲಾ ಎರಡನೇ ಸಾಲಲ್ಲಿದ್ದ ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ ಅಲ್ವಾ. ಮಲಿಕ್ ಬೆನ್ಸನ್ 2023ರ ಇಡೀ ಸೀಸನ್‌ನಲ್ಲಿ ಹಿಡಿದಿದ್ದು 13 ಪಾಸ್. ಅವನನ್ನ ನಾನು ಕೋಲ್ಮನ್ ಜಾಗಕ್ಕೆ ಬಾಣದ ಗುರುತು ಎಳೆದು ಕೂರಿಸಿದ್ದೆ. ದೊಡ್ಡ ಹೋಟೆಲಿನ ಸಪ್ಲೈಯರ್‌ನ ಕರ್ಕೊಂಡು ಬಂದು ನಮ್ಮ ಮದುವೆಗೆ ಮುಖ್ಯ ಅಡುಗೆ ಭಟ್ಟ ಮಾಡಿದ ಹಾಗೆ.

ಕ್ವಾರ್ಟರ್‌ಬ್ಯಾಕ್ ವಿಷ್ಯ ಇನ್ನೂ ಮಜಾ. ಡಿಜೆ ಉಯಾಂಗಲೆಲೆ, ಎಲ್ಲರ ಬಾಯಲ್ಲೂ ಬರೀ ಡಿಜೆ. ಕ್ಲೆಮ್ಸನ್‌ನಲ್ಲಿದ್ದ, 2021ರಲ್ಲಿ 9 ಟಚ್‌ಡೌನ್ ಪಾಸ್ (ಎಸೆದ ಚೆಂಡು ಎದುರಾಳಿಯ ಕೊನೇ ಗೆರೆ ದಾಟೋದು), 10 ಇಂಟರ್‌ಸೆಪ್ಷನ್ (ಎಸೆದಿದ್ದು ಎದುರಾಳಿ ಕೈಗೆ ಸಿಗೋದು). 2022ರ ಕೊನೆಗೆ ಕೇಡ್ ಕ್ಲುಬ್ನಿಕ್‌ಗೆ ಜಾಗ ಬಿಟ್ಕೊಟ್ಟ. 2023ರಲ್ಲಿ ಆರೆಗಾನ್ ಸ್ಟೇಟ್‌ಗೆ ಹೋಗಿ 21 ಟಚ್‌ಡೌನ್ ಪಾಸ್ ಹೊಡೆದ. ನಾನು ಶೀಟ್‌ನಲ್ಲಿ ಹಾಕ್ಕೊಂಡಿದ್ದು ಯಾವ ಸಾಲು ಅಂತ ಹೇಳೋದೇ ಬೇಡ, 21ರದ್ದು. ಆರೆಗಾನ್ ಸ್ಟೇಟ್‌ನಲ್ಲಿ ಅವನ ಮುಂದೆ ಗಟ್ಟಿ ಲೈನ್, ಅಂದ್ರೆ ಗೋಡೆ ತರ ನಿಂತು ಅವನನ್ನ ಕಾಯೋರ ಸಾಲು, ಇತ್ತು, ಚೆಂಡು ಹಿಡ್ಕೊಂಡು ಓಡೋರಿದ್ರು, ಅವನ ಮೇಲೆ ಭಾರ ಕಮ್ಮಿ ಅನ್ನೋದು ಆಟ ನೋಡಿದ್ರೆ ಗೊತ್ತಾಗ್ತಿತ್ತು. ಟ್ರಾವಿಸ್ ಬೇರೆ ತರ ಪ್ರಾಣಿ, ಮುಂದಿನ ಗೋಡೆ ಬಿದ್ರೂ ಕಾಲಲ್ಲಿ ತಪ್ಪಿಸ್ಕೊಂಡು ಹೋಗಿ ಏನೋ ಒಂದು ಮಾಡ್ತಿದ್ದ. 2022, 2023ರಲ್ಲಿ ನಮ್ಮ ಲೈನ್ ಚೆನ್ನಾಗಿದೆ ಅಂತ ನಾವು ಅಂದ್ಕೊಂಡಿದ್ದರಲ್ಲಿ ಅರ್ಧ ಟ್ರಾವಿಸ್‌ನ ಕಾಲಿನ ಪುಣ್ಯ. ಇದು ನನ್ನ ಅಭಿಪ್ರಾಯ, ಒಪ್ಪದೇ ಇರೋರು ಇದಾರೆ.

ಲೈನ್ ಬಗ್ಗೆ ನಾನು ಬರ್ದಿದ್ದು ಒಂದೇ ಪದ: ಅನುಭವ. ಡೇರಿಯಸ್ ವಾಷಿಂಗ್ಟನ್, ಮಾರೀಸ್ ಸ್ಮಿತ್, ರಾಬರ್ಟ್ ಸ್ಕಾಟ್, ಜೆರೆಮಯಾ ಬೈಯರ್ಸ್, ಎಲ್ಲರೂ ವರ್ಷಗಟ್ಟಲೆ ಆಡಿದ ಹಳೆ ಹುಲಿಗಳು. ಆ ಪದದ ಪಕ್ಕ ಹಸಿರು ಟಿಕ್.

ಮ್ಯಾಚುಗಳ ಟ್ಯಾಬ್‌ನಲ್ಲಿ ಎರಡು ಕಡೆ ಮಾತ್ರ ಸೋಲು ಅಂತ ಹಾಕಿದ್ದೆ, ಮಯಾಮಿಗೆ ಹೋಗಿ ಆಡೋದು, ನೋಟರ್ ಡೇಮ್‌ಗೆ ಹೋಗಿ ಆಡೋದು. ಉಳಿದಿದ್ದೆಲ್ಲ ಗೆಲುವು. ಈ ಸಲ ಕಪ್ ನಮ್ದೇ ಅಂತ ವರ್ಷಾನುಗಟ್ಟಲೆ ಕೂಗಿ ಗಂಟಲು ಪಳಗಿರೋ ಊರಿನೋನು ನಾನು, ನನ್ನಿಂದ ಇನ್ನೇನು ನಿರೀಕ್ಷೆ ಮಾಡ್ತೀರ. ಆದ್ರೆ ಹುಚ್ಚ ನಾನೊಬ್ಬನೇ ಅಲ್ಲ, ಎಸಿಸಿ ಕವರ್ ಮಾಡೋ ಮೀಡಿಯಾದೋರೂ ಫ್ಲೋರಿಡಾ ಸ್ಟೇಟೇ ಕಾನ್ಫರೆನ್ಸ್ ಗೆಲ್ಲುತ್ತೆ ಅಂತ ವೋಟ್ ಹಾಕಿದ್ರು.

ಆಗಸ್ಟ್ 24, ಶನಿವಾರ, ಡಬ್ಲಿನ್. ಐರ್ಲೆಂಡ್‌ನ ಅವೀವಾ ಸ್ಟೇಡಿಯಂ, ಎದುರಾಳಿ ಜಾರ್ಜಿಯಾ ಟೆಕ್. ನಮಗೆ ರಾತ್ರಿ ಒಂಬತ್ತೂವರೆಗೆ ಶುರು, ಇಂಥ ಟೈಮು ಬೆಂಗಳೂರಲ್ಲಿರೋ ಫ್ಯಾನ್‌ಗೆ ಲಾಟರಿ ಹೊಡೆದಂಗೆ. ಚಿತ್ರಾನ್ನ ತಟ್ಟೆಗೆ ಹಾಕ್ಕೊಂಡು ಕೂತೆ. ನಮಗೆ ಮೊದಲ ಸಲ ಚೆಂಡು ಸಿಕ್ಕಾಗಲೇ ಲಾರೆನ್ಸ್ ಟೊಫಿಲಿ ಓಡಿ ಟಚ್‌ಡೌನ್, ಹಿಂದಿನ ಡಿಸೆಂಬರ್‌ನ ಎಸಿಸಿ ಫೈನಲ್‌ನಲ್ಲಿ ಪ್ಲೇಯರ್ ಆಫ್ ದ ಮ್ಯಾಚ್ ಆಗಿದ್ದೋನು ಅವನೇ. ನೋಡು ಶುರುವಾಯ್ತು ಅಂತ ನಾನೇ ನಂಗೆ ಹೇಳ್ಕೊಂಡೆ.

ಆಮೇಲೆ ನಡೆದಿದ್ದು ನಿಧಾನವಾಗಿ ಅರ್ಥ ಆಯ್ತು. ಟಿವಿಯಲ್ಲಿ ಎಲ್ಲರೂ ಚೆಂಡು ನೋಡ್ತಾರೆ, ಟ್ಯಾಲಹಾಸಿಯಲ್ಲಿದ್ದಾಗ ಪಕ್ಕದ ಸೀಟಿನ ಒಬ್ಬ ಅಜ್ಜ, ಚೆಂಡು ಬಿಡು, ಮೊದಲ ಎರಡು ಸೆಕೆಂಡ್ ಲೈನ್ ಎತ್ಲಾಗೆ ಸರಿಯುತ್ತೆ ನೋಡು ಅಂತ ಹೇಳಿಕೊಟ್ಟಿದ್ರು. ಹಂಗೆ ನೋಡಿದೆ. ಟೆಕ್ ಚೆಂಡು ಹಿಡಿದಾಗ ಪ್ರತಿ ಸಲ ಆ ಸಾಲು ನಮ್ಮ ಕಡೆಗೆ ಎರಡು ಹೆಜ್ಜೆ ಸರೀತಿತ್ತು. ನಾವು ಹಿಡಿದಾಗ ಸಾಲು ನಿಂತಲ್ಲೇ ನಿಲ್ತಿತ್ತು, ಇಲ್ಲಾ ಹಿಂದಕ್ಕೆ ಬರ್ತಿತ್ತು. ಚೆಂಡು ಹಿಡ್ಕೊಂಡು ಓಡಿದ ಯಾರ್ಡ್‌ನಲ್ಲಿ ಅವರದ್ದು ನಮ್ಮದಕ್ಕಿಂತ ಹತ್ರಹತ್ರ ಎರಡು ಪಟ್ಟು. ಅನುಭವ, ಹಸಿರು ಟಿಕ್. 21-21 ಇದ್ದಾಗ ಟೆಕ್‌ಗೆ ಚೆಂಡು ಸಿಕ್ತು, ಹೇನ್ಸ್ ಕಿಂಗ್ ಅವಸರ ಮಾಡಲೇ ಇಲ್ಲ, ನಾಲ್ಕು ಯಾರ್ಡ್, ಐದು ಯಾರ್ಡ್, ಮೂರು ಯಾರ್ಡ್, ಗಡಿಯಾರ ಕರಗಿಸ್ತಾ ಹೋದ, ನಮ್ಮೋರಿಗೆ ನಿಲ್ಲಿಸಕ್ಕೇ ಆಗಲಿಲ್ಲ, ಕೊನೇ ಸೆಕೆಂಡಿಗೆ ಏಡನ್ ಬರ್ 44 ಯಾರ್ಡ್ ದೂರದಿಂದ ಕಂಬಗಳ ಮಧ್ಯಕ್ಕೆ ಒದ್ದ, ಒಳಗೆ ಹೋಯ್ತು, ಮೂರು ಪಾಯಿಂಟ್, 24-21. ಚಿತ್ರಾನ್ನ ತಣ್ಣಗಾಗಿತ್ತು.

ಒಂದು ಮ್ಯಾಚ್ ತಾನೆ, ಅದೂ ಪರದೇಶ, ಪ್ರಯಾಣ, ಹುಲ್ಲು ಬೇರೆ ಅಂತ ಸಮಾಧಾನ ಮಾಡ್ಕೊಂಡು ಶೀಟ್‌ನಲ್ಲಿ 9-3 ಮಾಡಿದೆ. ಒಂಬತ್ತು ದಿನ ಆದ್ಮೇಲೆ ಬಾಸ್ಟನ್ ಕಾಲೇಜ್, ನಮ್ಮ ಮನೆ ಅಂಗಳದಲ್ಲಿ, ಇಲ್ಲಿ ಮಂಗಳವಾರ ಬೆಳಗ್ಗೆ ಐದು ಗಂಟೆ. 28-13 ಸೋಲು. ಆ ಸ್ಕೋರ್ ಬಿಡಿ, ಇನ್ನೊಂದು ಅಂಕಿ ನೋಡಿ. ಅವರು ಓಡಿದ್ದು 263 ಯಾರ್ಡ್. ನಾವು ಓಡಿದ್ದು 21. ನಾನು ಸ್ಟ್ಯಾಟ್ ಪೇಜನ್ನ ರಿಫ್ರೆಶ್ ಮಾಡಿ ನೋಡಿದೆ, 121ರಲ್ಲಿ ಒಂದಂಕಿ ಬಿಟ್ಟುಹೋಗಿದೆಯೇನೋ ಅಂತ. ಇಲ್ಲ, 21. ಆ ದಿನ ನಮ್ಮನ್ನ ಕುಣಿಸಿದ ಬಾಸ್ಟನ್ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಹೆಸರು ಥಾಮಸ್ ಕ್ಯಾಸ್ಟೆಲಾನೋಸ್, ನೆನಪಲ್ಲಿಟ್ಕೊಳ್ಳಿ, ಆಮೇಲೆ ಬರ್ತಾನೆ.

ಅಲ್ಲಿಂದ ಮುಂದೆ ಓಡಿಸಿಬಿಡ್ತೀನಿ, ಬರೆಯಕ್ಕೂ ಬೇಜಾರು. ನಾರ್ವೆಲ್ ಮೊದಲು ಕೋಚ್ ಆಗಿದ್ದ ಮೆಂಫಿಸ್ ಬಂದು 20-12 ಹೊಡೀತು. ಕ್ಯಾಲ್ ಮೇಲೆ 14-9 ಗೆದ್ವಿ, ಅದೊಂದೇ ಮರ್ಯಾದೆ. ಎಸ್‌ಎಂಯು 42-16, ಅದರಲ್ಲಿ ಡಿಜೆ ಎಸೆಯೋ ಕೈಯ ಬೆರಳಿಗೆ ಏಟು ಮಾಡ್ಕೊಂಡ, ಐದು ಮ್ಯಾಚಿಗೆ 4 ಟಚ್‌ಡೌನ್ 6 ಇಂಟರ್‌ಸೆಪ್ಷನ್, ಅವನ ಸೀಸನ್ ಅಲ್ಲಿಗೆ ಖತಂ. ಕ್ಲೆಮ್ಸನ್ 29-13. ಡ್ಯೂಕ್ 23-16, ಇದಂತೂ ಹೊಟ್ಟೆ ಉರಿಸ್ತು, ಅದಕ್ಕೆ ಮುಂಚೆ ಡ್ಯೂಕ್ ಜೊತೆ 22 ಸಲ ಆಡಿ 22 ಸಲವೂ ಗೆದ್ದಿದ್ವಿ, ಅವರ ಆಟವೇನೂ ಚೆನ್ನಾಗಿರಲಿಲ್ಲ, ಚೆಂಡನ್ನ ನಾವೇ ತಟ್ಟೇಲಿಟ್ಟು ಕೊಟ್ವಿ. ಮಯಾಮಿ 36-14. ನಾರ್ತ್ ಕ್ಯಾರೊಲೈನಾ 35-11. ನೋಟರ್ ಡೇಮ್ 52-3. ಆ ಸ್ಕೋರ್ ನೋಡಿದಾಗ 63-3 ನೆನಪಾಯ್ತು, ಎರಡರಲ್ಲೂ ಅದೇ 3. ಮಾರನೇ ದಿನ ಅಫೆನ್ಸ್ ಕೋಆರ್ಡಿನೇಟರ್ ಅಲೆಕ್ಸ್ ಆಟ್ಕಿನ್ಸ್, ಡಿಫೆನ್ಸ್ ಕೋಆರ್ಡಿನೇಟರ್ ಆಡಮ್ ಫುಲ್ಲರ್, ರಿಸೀವರ್ ಕೋಚ್ ರಾನ್ ಡುಗನ್ಸ್ ಮೂವರನ್ನೂ ತೆಗೆದ್ರು. ಚಾರ್ಲ್ಸ್‌ಟನ್ ಸದರ್ನ್ ಅನ್ನೋ ಕೆಳಗಿನ ದರ್ಜೆ ಟೀಮಿನ ಮೇಲೆ 41-7 ಗೆದ್ದು, ಕೊನೆಗೆ ಫ್ಲೋರಿಡಾ ಹತ್ರ 31-11 ಸೋತು ಮನೆಗೆ. ಆ ಚಾರ್ಲ್ಸ್‌ಟನ್ ಸದರ್ನ್ ಮ್ಯಾಚ್ ತೆಗೆದುಬಿಟ್ರೆ ಇಡೀ ಸೀಸನ್‌ನಲ್ಲಿ ನಮ್ಮ ಗರಿಷ್ಠ ಸ್ಕೋರು 21, ಅದೂ ಮೊದಲನೇ ದಿನ ಡಬ್ಲಿನ್‌ನಲ್ಲಿ. ಉಳಿದ 11 ಮ್ಯಾಚಿನ ಸರಾಸರಿ 13 ಚಿಲ್ಲರೆ. 1974ರ 1-10 ಆದ್ಮೇಲೆ ಇಷ್ಟು ಕೆಟ್ಟ ಸೀಸನ್ ಇರಲಿಲ್ಲ, ಅಂದ್ರೆ ನಮ್ಮ ಹೆಸರಾಂತ ಕೋಚ್ ಬಾಬಿ ಬೌಡನ್ 1976ರಲ್ಲಿ ಬರೋಕೂ ಮುಂಚಿನ ಕಾಲ.

ಟ್ಯಾಲಹಾಸಿಯಲ್ಲಿ ಪ್ರಾಕ್ಟೀಸ್ ಮೈದಾನದ ಪಕ್ಕ ಒಂದು ಸಣ್ಣ ಸ್ಮಶಾನ ಇದೆ, ಹುಲ್ಲಿನ ಸ್ಮಶಾನ. 1962ರಲ್ಲಿ ಜಾರ್ಜಿಯಾ ಜೊತೆ ಆಡಕ್ಕೆ ಹೋಗೋವಾಗ ಕಾಯ್ಲ್ ಮೂರ್ ಅನ್ನೋ ಡೀನ್, ಅಲ್ಲಿಂದ ಸ್ವಲ್ಪ ಹುಲ್ಲು ಕಿತ್ಕೊಂಡು ಬನ್ರೋ ಅಂದ್ರಂತೆ, ಹುಡುಗರು 18-0 ಗೆದ್ದು ನಿಜವಾಗ್ಲೂ ತಂದ್ರು. ಅವತ್ತಿಂದ, ಸೋಲ್ತಾರೆ ಅಂತ ಎಲ್ಲರೂ ಅಂದ್ಕೊಂಡಿದ್ದ ಆಚೆ ಊರಿನ ಮ್ಯಾಚ್ ಗೆದ್ರೆ ಅಲ್ಲಿಯ ಮೈದಾನದ ಒಂದು ತುಂಡು ಹುಲ್ಲು ತಂದು ಇಲ್ಲಿ ಹೂತು, ಮೇಲೆ ಸ್ಕೋರ್ ಕೆತ್ತಿದ ಫಲಕ ಇಡ್ತಾರೆ. ಸ್ಟೂಡೆಂಟ್ ಆಗಿದ್ದಾಗ ಸಂಜೆ ಹೊತ್ತು ಹೋಗಿ ಒಂದೊಂದೇ ಓದ್ತಿದ್ದೆ, ನಮ್ಮೂರ ದೇವಸ್ಥಾನದ ಹಿಂದಿನ ವೀರಗಲ್ಲುಗಳ ಸಾಲು ನೆನಪಾಗ್ತಿತ್ತು. 2024ರಲ್ಲಿ ಊರಾಚೆ ಒಂದೂ ಗೆಲ್ಲಲಿಲ್ಲ. ಹುಲ್ಲು ಬರಲಿಲ್ಲ.

ಈಗ ಶೀಟ್ ಲೆಕ್ಕ. 12ರಲ್ಲಿ ನಂದು ಸರಿಯಾಗಿದ್ದು 4: ಗೆಲುವು ಅಂತ ಹಾಕಿದ್ದರಲ್ಲಿ ಕ್ಯಾಲ್, ಚಾರ್ಲ್ಸ್‌ಟನ್ ಸದರ್ನ್, ಸೋಲು ಅಂತ ಹಾಕಿದ್ದ ಮಯಾಮಿ, ನೋಟರ್ ಡೇಮ್. ಕಣ್ಮುಚ್ಚಿ ನಾಣ್ಯ ಚಿಮ್ಮಿದ್ರೂ ಆರು ಸಿಗೋದು. ತಪ್ಪು ಎಲ್ಲಿ ಅಂತ ನನ್ನ ಈಗಿನ ತೀರ್ಮಾನ ಹೇಳ್ತೀನಿ, ಡಿಜೆ ಒಬ್ಬನ ತಲೆ ಮೇಲೆ ಹಾಕೋದು ನಂಗೆ ಒಪ್ಪಿಗೆ ಇಲ್ಲ, ಕ್ವಾರ್ಟರ್‌ಬ್ಯಾಕ್ ಬದಲಾದ್ಮೇಲೂ ಗ್ಲೆನ್ ಆಡಿದ್ರೂ ಲ್ಯೂಕ್ ಕ್ರೋಮೆನ್‌ಹುಕ್ ಆಡಿದ್ರೂ ಚೆಂಡು ಮುಂದೆ ಹೋಗಲಿಲ್ಲ. ನಾನು ಟೀಮನ್ನ ಎಣಿಸಲೇ ಇಲ್ಲ, ಎಣಿಸಿದ್ದು 13-0 ಅನ್ನೋ ಹೆಸರನ್ನ. ಆ 13-0 ಮಾಡಿದ ಕೈಕಾಲುಗಳು ಏಪ್ರಿಲ್‌ನಲ್ಲೇ ಲಾಸ್ ಏಂಜಲೀಸ್‌ಗೋ ಬಫಲೋಗೋ ಹೋಗಿದ್ವು, ನಮ್ಮತ್ರ ಉಳಿದಿದ್ದು ಜೆರ್ಸಿ ಮತ್ತೆ ಕೋಪ. ಕಮಿಟಿಯೋರು ಟ್ರಾವಿಸ್ ಇಲ್ದೇ ಇದು ಬೇರೆ ಟೀಮು ಅಂದಾಗ ಬಾಯಿಗೆ ಬಂದಂಗೆ ಬೈದಿದ್ದೆ. ಅವರು ಮಾಡಿದ್ದು ಅನ್ಯಾಯ ಅಂತ ಈಗ್ಲೂ ಹೇಳ್ತೀನಿ, ಗೆದ್ದ ಮ್ಯಾಚಿಗೆ ಬೆಲೆ ಇಲ್ಲ ಅಂದ್ರೆ ಆಡೋದ್ಯಾಕೆ. ಆದ್ರೆ ಎಂಟು ತಿಂಗಳಾದ್ಮೇಲೆ ಟ್ರಾವಿಸ್ ಜೊತೆ ಇನ್ನೂ ಒಂಬತ್ತು ಜನ ಹೋದ್ಮೇಲೂ ಅದೇ ಟೀಮು ಅಂತ ಶೀಟ್ ಮಾಡಿದ್ದು ನಾನು, ಕಮಿಟಿ ಅಲ್ಲ.

ನಾರ್ವೆಲ್ ಉಳ್ಕೊಂಡ್ರು. 2024ರ ಜನವರಿಯಲ್ಲಿ ಅಲಬಾಮಾ ಕೋಚ್ ನಿಕ್ ಸೇಬನ್ ರಿಟೈರ್ ಆದಾಗ ಆ ಜಾಗಕ್ಕೆ ಇವರ ಹೆಸರು ಓಡಾಡಿತ್ತು, ಹೆದರಿ ನಮ್ಮೋರು 2031ರವರೆಗೆ ಕಾಂಟ್ರಾಕ್ಟ್ ಬರ್ಕೊಟ್ಟಿದ್ರು. ತೆಗೆಯಕ್ಕೆ 60 ಮಿಲಿಯನ್ ಡಾಲರ್ ಮೇಲೆ ಬೇಕಿತ್ತು. ಗಸ್ ಮಾಲ್ಜಾನ್ ಅಫೆನ್ಸ್‌ಗೆ ಬಂದ್ರು, ಟೋನಿ ವೈಟ್ ಡಿಫೆನ್ಸ್‌ಗೆ, ಕ್ವಾರ್ಟರ್‌ಬ್ಯಾಕ್ ಯಾರು ಗೊತ್ತಾ, ಅದೇ ಬಾಸ್ಟನ್ ಕಾಲೇಜಿನ ಕ್ಯಾಸ್ಟೆಲಾನೋಸ್.

2025ಕ್ಕೆ ನಾನು ಹುಷಾರಾಗಿದ್ದೆ. ಹೋದೋರ ಕಾಲಮ್ ಮೊದಲು ತುಂಬಿದೆ, ಬೋಲ್ಡ್ ಎಲ್ಲ ತೆಗೆದೆ, ಒಬ್ಬೊಬ್ಬನೂ ಹಿಂದಿನ ಕಾಲೇಜಲ್ಲಿ ಎಷ್ಟು ಆಡಿದ್ದ ಅಂತ ನೋಡಿದೆ, ಗೆಲುವು ಅಂತ ಹಾಕೋಕೆ ಮುಂಚೆ ಹತ್ತು ಸಲ ಯೋಚನೆ ಮಾಡಿ 6-6 ಅಂತ ಬರ್ದು ಫೈಲ್ ಮುಚ್ಚಿದೆ. ಆಗಸ್ಟ್ 30ಕ್ಕೆ ಮೊದಲನೇ ಮ್ಯಾಚು, ಟ್ಯಾಲಹಾಸಿಯಲ್ಲೇ, ಅಲಬಾಮಾ ಮೇಲೆ. ಇಲ್ಲಿ ಮಧ್ಯರಾತ್ರಿ ಒಂದು ಗಂಟೆಗೆ ಶುರು. ಲೈನ್ ನೋಡಿದೆ, ಮುಂದಕ್ಕೆ ಸರೀತಿತ್ತು! 31-17 ಗೆದ್ವಿ, ಜನ ಮೈದಾನಕ್ಕೆ ನುಗ್ಗಿದ್ರು, ನಾನು ಹಾಲ್‌ನಲ್ಲಿ ಸದ್ದು ಮಾಡದೆ ಕುಣಿದೆ, ಮಗು ಮಲಗಿತ್ತು.

ಸೀಸನ್ ಮುಗಿದಾಗ 5-7, ಆ ವರ್ಷವೂ ಊರಾಚೆ ಒಂದೂ ಗೆಲ್ಲಲಿಲ್ಲ. ನನ್ನ 6-6 ಹತ್ರಹತ್ರ ಸರಿಯಾಗೇ ಇತ್ತು ಅಂತ ಎದೆ ತಟ್ಕೊಳ್ಳೋಣ ಅಂತ ಶೀಟ್ ತೆಗೆದೆ. ಅಲ್ಲಿ 10-2 ಇತ್ತು. ಹಿಸ್ಟರಿ ನೋಡಿದ್ರೆ ಆಗಸ್ಟ್ 31, ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಎಡಿಟ್ ಮಾಡಿದೀನಿ.